ಹಿಟ್ಟೂ ಬೇಕು, ಮಲ್ಲಿಗೆಯೂ ಬೇಕು

ನಮ್ಮ ಮಂಡ್ಯ ಸೀಮೆಯಲ್ಲಿ ಬೆಳಗ್ಗೆ ಪೇಪರು ಕೈಗೆ ಬಂದರೆ ಕಣ್ಣು ಮೊದಲು ಹೋಗುವುದು ಮೂಲೆಯ ಒಂದು ಸಣ್ಣ ಚೌಕಕ್ಕೆ. ಕೆಆರ್‌ಎಸ್ ಅಣೆಕಟ್ಟೆಯ ಮಟ್ಟ ಎಷ್ಟು, ಒಳಹರಿವು ಎಷ್ಟು, ಹೊರಹರಿವು ಎಷ್ಟು. ಕಟ್ಟೆ ತುಂಬಿದಾಗಿನ ಮಟ್ಟ 124.80 ಅಡಿ ಎನ್ನುವುದು ಶ್ರೀರಂಗಪಟ್ಟಣ, ಪಾಂಡವಪುರದ ಕಡೆಯ ಹುಡುಗರಿಗೆ ಮಗ್ಗಿಯ ಜೊತೆಗೇ ಬಾಯಿಗೆ ಬಂದಿರುತ್ತದೆ. 2023ರಲ್ಲಿ ಕಟ್ಟೆ ತುಂಬಲೇ ಇಲ್ಲ. ನಾಲೆಗೆ ನೀರು ಬರುತ್ತದೋ ಇಲ್ಲವೋ, ಭತ್ತದ ಒಟ್ಲು ಹಾಕಬೇಕೋ ಬೇಡವೋ ಎಂದು ಮನೆಮನೆಯಲ್ಲೂ ಲೆಕ್ಕ. ಅದಕ್ಕೆ ಹಿಂದೆ 2015ರಲ್ಲಿ ಕಬ್ಬಿನ ಬಾಕಿ, ಕೈಸಾಲ, ಬಡ್ಡಿ. ಈ ಜಿಲ್ಲೆಯಲ್ಲಿ ರೈತರು ಒಬ್ಬರಾದ ಮೇಲೊಬ್ಬರು ಪ್ರಾಣ ಕಳೆದುಕೊಂಡ ಸುದ್ದಿ ಓದಿದ ನೆನಪು ನಿಮಗೂ ಇದ್ದೀತು.

ಇಂಥ ಹೊತ್ತಿನಲ್ಲಿ ಯಾರಾದರೂ ಹಕ್ಕಿ, ಹಾಡು, ನಾಟಕ ಅಂತ ಮಾತು ತೆಗೆದರೆ ಜಗಲಿ ಮೇಲೆ ಕೂತವರ ಬಾಯಿಂದ ಥಟ್ಟನೆ ಗಾದೆ ಬರುತ್ತದೆ: ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು. ಗಾದೆಗಳ ಬಗ್ಗೆ ನನಗೆ ಗೌರವವಿದೆ. ಈ ಒಂದು ಗಾದೆಯ ಮೇಲೆ ಮಾತ್ರ ತಕರಾರಿದೆ.

ತಕರಾರಿಗೆ ಕಾರಣ ದೂರದಲ್ಲಿಲ್ಲ, ಕೆ.ಆರ್. ಪೇಟೆ ತಾಲ್ಲೂಕಿನ ಕಿಕ್ಕೇರಿಯಲ್ಲೇ ಇದೆ. ಆ ಊರಿನಲ್ಲಿ 1915ರಲ್ಲಿ ಹುಟ್ಟಿದ ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ ಅಚ್ಚಾದದ್ದು ಯಾವ ವರ್ಷ ಗೊತ್ತೇ? 1942. ಎರಡನೇ ಮಹಾಯುದ್ಧ ನಡೆಯುತ್ತಿತ್ತು. ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಜನ ಜೈಲು ಸೇರುತ್ತಿದ್ದರು. ಸೀಮೆಎಣ್ಣೆಗೂ ಅಕ್ಕಿಗೂ ತತ್ವಾರ. ಆಗ ಈ ತರುಣ ಕವಿ ಬರೆದದ್ದು ಹೊಸದಾಗಿ ಮದುವೆಯಾದ ಗಂಡ ಹೆಂಡತಿಯ ಮುನಿಸು, ತವರಿನ ದಾರಿ, ಅತ್ತೆ ಮನೆಯ ಸಡಗರ. ಕಾಲ ಯಾವುದು, ಇವರು ಬರೆದದ್ದೇನು ಎಂದು ಯಾರಾದರೂ ಕೇಳಬಹುದಿತ್ತು. ಆದರೆ ಮನೆಯೆಂದರೆ ಏನು, ಪ್ರೀತಿಯೆಂದರೆ ಏನು ಎಂಬುದು ಮರೆತೇ ಹೋದ ಮೇಲೆ ಸ್ವಾತಂತ್ರ್ಯ ಬಂದು ಯಾರ ಮನೆ ಬೆಳಗಬೇಕು? ಜುಟ್ಟಿಗೆ ಮಲ್ಲಿಗೆ ಎಂದು ಹಂಗಿಸಬಹುದಾಗಿದ್ದ ಆ ಪುಸ್ತಕ ಇವತ್ತಿಗೂ ಕನ್ನಡಿಗರ ಮದುವೆ ಮನೆಗಳಲ್ಲಿ ಹಾಡಾಗಿ ಕೇಳುತ್ತಿದೆ.

ಇನ್ನೂ ಎರಡು ವರ್ಷ ಹಿಂದೆ ಹೋಗೋಣ. 1940. ಅದೂ ಯುದ್ಧದ ವರ್ಷವೇ. ಪಕ್ಷಿತಜ್ಞ ಸಲೀಂ ಅಲಿ ಶ್ರೀರಂಗಪಟ್ಟಣದ ಪಕ್ಕ ಕಾವೇರಿಯ ನಡುಗಡ್ಡೆಗಳಲ್ಲಿ ಸಾವಿರಾರು ಹಕ್ಕಿ ಗೂಡು ಕಟ್ಟುವುದನ್ನು ಕಂಡು, ಇದನ್ನು ಕಾಪಾಡಬೇಕು ಎಂದು ಮೈಸೂರು ಅರಮನೆಯನ್ನು ಒಪ್ಪಿಸಿದರು. ರಂಗನತಿಟ್ಟು ಪಕ್ಷಿಧಾಮವಾದದ್ದು ಹಾಗೆ. ಜಗತ್ತಿನ ಅರ್ಧ ಭಾಗ ಬಾಂಬಿನ ಸದ್ದು ಕೇಳುತ್ತಿದ್ದಾಗ ಒಂದು ಸಂಸ್ಥಾನ ಬಾಯ್ಕಳಕ, ಹೆಜ್ಜಾರ್ಲೆ, ಚಮಚಕೊಕ್ಕುಗಳಿಗಾಗಿ ಆದೇಶ ಹೊರಡಿಸಿತು. 2022ರಲ್ಲಿ ರಂಗನತಿಟ್ಟಿಗೆ ಜೌಗು ಪ್ರದೇಶಗಳಿಗೆ ಕೊಡುವ ಅಂತರರಾಷ್ಟ್ರೀಯ ರಾಮ್ಸಾರ್ ಮಾನ್ಯತೆಯೂ ಸಿಕ್ಕಿತು.

ಇಲ್ಲೊಂದು ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ರಂಗನತಿಟ್ಟನ್ನು ನಾವು ಪ್ರಕೃತಿ ಎನ್ನುತ್ತೇವೆ. ಆದರೆ ಆ ತಿಟ್ಟುಗಳು ಈಗಿನಂತೆ ನಿಂತಿರುವುದು ಮನುಷ್ಯ ಕಟ್ಟಿದ ಒಡ್ಡಿನಿಂದ. 17ನೇ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಬಂಗಾರದೊಡ್ಡಿ ನಾಲೆಗಾಗಿ ಕಾವೇರಿಗೆ ಅಡ್ಡಲಾಗಿ ಕಟ್ಟೆ ಹಾಕಿದರು. ಉದ್ದೇಶ ಗದ್ದೆಗೆ ನೀರು. ಹಿಂದೆ ನೀರು ನಿಂತು, ನಡುವೆ ದಿಬ್ಬಗಳು ಉಳಿದವು. ಗಿಡ ಬೆಳೆದವು. ಸುತ್ತ ನೀರು, ನೀರಲ್ಲಿ ಮೊಸಳೆ. ನೆಲದ ಮೇಲಿನ ಬೆಕ್ಕು, ನರಿಯ ಕಾಟವಿಲ್ಲದ ಜಾಗವೆಂದು ಹಕ್ಕಿಗಳು ಅದನ್ನು ಆರಿಸಿಕೊಂಡವು. ದೋಣಿಯಲ್ಲಿ ಹತ್ತಿರ ಹೋದರೆ ಬಾಯ್ಕಳಕದ ಕೊಕ್ಕು ನೋಡಿ. ಮುಚ್ಚಿದರೂ ನಡುವೆ ಸಂದು ಕಾಣುತ್ತದೆ. ಗದ್ದೆಯ ಬಸವನಹುಳುವನ್ನು ಚಿಪ್ಪಿನಿಂದ ಬಿಡಿಸಿ ತಿನ್ನಲು ಬಳಸುವ ಕೊಕ್ಕು ಅದು. ರೈತನಿಗಾಗಿ ಕಟ್ಟಿದ ಒಡ್ಡಿನಲ್ಲಿ ಹಕ್ಕಿ ಮನೆ ಮಾಡಿತು, ಆ ಹಕ್ಕಿ ರೈತನ ಗದ್ದೆಯಲ್ಲೇ ಊಟ ಮಾಡುತ್ತದೆ. ಹಿಟ್ಟು ಯಾವುದು, ಮಲ್ಲಿಗೆ ಯಾವುದು, ನೀವೇ ಬೇರೆ ಮಾಡಿ ನೋಡೋಣ.

ಕಷ್ಟಕಾಲ ಈ ಸೀಮೆಗೆ ಹೊಸದಲ್ಲ. ಪಾಂಡವಪುರ ತಾಲ್ಲೂಕಿನ ಚಿನಕುರಳಿಯ ಹೆಸರು ಇತಿಹಾಸದ ಪುಸ್ತಕದಲ್ಲಿ ಬರುವುದು ಒಂದು ಸೋಲಿನ ಜೊತೆಗೆ. 1771ರ ಮಾರ್ಚಿನಲ್ಲಿ ಮೇಲುಕೋಟೆ ಕಡೆಯಿಂದ ಶ್ರೀರಂಗಪಟ್ಟಣಕ್ಕೆ ಹಿಂದೆ ಸರಿಯುತ್ತಿದ್ದ ಹೈದರಾಲಿಯ ಸೈನ್ಯವನ್ನು ಮರಾಠರು ಇಲ್ಲಿ ಚದುರಿಸಿಬಿಟ್ಟರು. ದಂಡು ಹಾಯ್ದ ದಾರಿಯ ಹಳ್ಳಿಗಳ ಗತಿ ಏನಾಗಿದ್ದಿರಬೇಕು ಎಂಬುದನ್ನು ಯಾರೂ ಬರೆದಿಡುವುದಿಲ್ಲ. ರಾಮಾನುಜಾಚಾರ್ಯರ ಕಾಲದ್ದೆಂದು ಊರವರು ಹೇಳುವ ತೊಣ್ಣೂರು ಕೆರೆ ಮಾತ್ರ ಅದನ್ನೂ ಕಂಡು, ಇವತ್ತಿಗೂ ಇದೆ.

ಈಗ ಸೈನ್ಯ ಬರುವುದಿಲ್ಲ, ಬಡ್ಡಿ ಬರುತ್ತದೆ. ಆದರೂ ಸುಗ್ಗಿ ಮುಗಿದ ಮೇಲೆ ನಮ್ಮ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ ನಾಟಕ ನಿಲ್ಲುವುದಿಲ್ಲ. ಇದನ್ನು ಹೊರಗಿನವರಿಗೆ ವಿವರಿಸುವುದು ಕಷ್ಟ. ಬೇರೆ ಕಡೆ ನಟರಿಗೆ ದುಡ್ಡು ಕೊಡುತ್ತಾರೆ. ಇಲ್ಲಿ ನಟರೇ ದುಡ್ಡು ಕಟ್ಟಿ ಪಾರ್ಟು ಹಿಡಿಯುತ್ತಾರೆ. ಕೃಷ್ಣ, ದುರ್ಯೋಧನ, ಭೀಮನಿಗೆ ಹೆಚ್ಚು, ವಿದುರನಿಗೆ ಕಡಿಮೆ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಬಂದು ಕಂದಪದ್ಯ ಬಾಯಿಪಾಠ ಮಾಡಿಸುತ್ತಾರೆ. ಹಗಲೆಲ್ಲ ಕಬ್ಬಿಗೆ ನೀರು ಕಟ್ಟಿದವನು ರಾತ್ರಿ ಎಂಟಕ್ಕೆ ಶಾಲೆಯ ಜಗಲಿಗೆ ಬಂದು ಶ್ರುತಿ ಹಿಡಿಯಲು ಒದ್ದಾಡುತ್ತಾನೆ. “ಸಾಲ ಎಂಗಿದ್ರೂ ಅದೆ ಕಣಣ್ಣ, ಈ ವರ್ಸ ಭೀಮ ನಂದೇ” ಎನ್ನುವ ಮಾತನ್ನು ಈ ಕಡೆಯ ಯಾವ ಊರಲ್ಲಾದರೂ ಕೇಳಬಹುದು. ನಾಟಕದ ದಿನ ಬಾಡಿಗೆಯ ಕಿರೀಟ, ಬಾಡಿಗೆಯ ಗದೆ, ಬಾಡಿಗೆಯ ಸೀನರಿ. ವನ್ಸ್ ಮೋರ್ ಕೂಗಿದವನ ಕಾಟಕ್ಕೆ ಸತ್ತ ಅಭಿಮನ್ಯು ಎದ್ದು ಕೂತು ಇನ್ನೊಂದು ಪದ್ಯ ಹಾಡಿದರೂ ಆಶ್ಚರ್ಯವಿಲ್ಲ. ಬೆಳಗಿನ ಜಾವ ದುರ್ಯೋಧನನ ತೊಡೆ ಮುರಿಯುವ ಹೊತ್ತಿಗೆ ಹೆಂಗಸರು ಮಕ್ಕಳನ್ನು ಎಬ್ಬಿಸಿ ತೋರಿಸುತ್ತಾರೆ. ಅದಾಗಿ ಒಂದು ಗಂಟೆಗೆ ಅದೇ ದುರ್ಯೋಧನ ಕಿವಿಯ ಹಿಂದೆ ಇನ್ನೂ ಬಣ್ಣ ಇರುವಂತೆಯೇ ಕ್ಯಾನು ಹಿಡಿದು ಡೇರಿಗೆ ಹಾಲು ಹಾಕಲು ಬಂದು ಸಾಲಿನಲ್ಲಿ ನಿಲ್ಲುತ್ತಾನೆ.

ಇದು ದಂಡ ಖರ್ಚು ಎನ್ನುವವರಿದ್ದಾರೆ. ಸಾಲ ಮಾಡಿ ಪಾರ್ಟು ಕಟ್ಟಬೇಡಿ ಎಂದು ನಾನೂ ಹೇಳುತ್ತೇನೆ. ಆದರೆ ಹಳ್ಳಿಯಲ್ಲಿ ಎರಡು ಪಕ್ಷದವರು, ಎರಡು ಬೀದಿಯವರು ಮೂರು ತಿಂಗಳು ಒಂದೇ ಜಗಲಿಯ ಮೇಲೆ ಕೂರುವ ಕೆಲಸ ಬೇರೆ ಯಾವುದಿದೆ ಹೇಳಿ. ಸಾಲಗಾರ ಎಂದೇ ಊರು ಗುರುತಿಸುತ್ತಿದ್ದ ಮನುಷ್ಯನನ್ನು ನಾಟಕದ ಮಾರನೇ ದಿನದಿಂದ “ನಮ್ಮ ಭೀಮ” ಎಂದು ಕರೆಯುತ್ತಾರಲ್ಲ, ಅದಕ್ಕೆ ಬೆಲೆ ಕಟ್ಟುವವರು ಯಾರು?

ಒಂದು ಎಚ್ಚರ ಮಾತ್ರ ಬೇಕು. ಹಾಡು ಸಾಲ ತೀರಿಸುವುದಿಲ್ಲ. ಜೀವವೇ ಬೇಡ ಎನ್ನುವ ಸ್ಥಿತಿಗೆ ಬಂದವರಿಗೆ ಹಕ್ಕಿ ನೋಡಿಕೊಂಡು ಬಾ ಎನ್ನುವುದು ಸಮಾಧಾನವಲ್ಲ, ಕ್ರೌರ್ಯ. ಅವರ ಪಕ್ಕ ಕೂರಬೇಕು, ಒಂಟಿಯಾಗಿ ಬಿಡಬಾರದು. ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಬೇಕಿಲ್ಲ. ಈ ನಂಬರನ್ನು ಬರೆದಿಟ್ಟುಕೊಳ್ಳಿ.

ಸಾಲವನ್ನು, ನೀರನ್ನು, ಬೆಲೆಯನ್ನು ಕೇಳುವ ದಾರಿ ಬೇರೆ. ಅದು ನಾಲ್ಕು ಜನ ಒಟ್ಟಿಗೆ ಹೋಗಿ ಕೇಳುವ ದಾರಿ. ಈ ವಿದ್ಯೆಯಲ್ಲಿ ಪಾಂಡವಪುರ ಸೀಮೆ ಯಾರಿಗೂ ಕಡಿಮೆಯಿಲ್ಲ. ಕ್ಯಾತನಹಳ್ಳಿಯ ರೈತ ನಾಯಕ ಕೆ.ಎಸ್. ಪುಟ್ಟಣ್ಣಯ್ಯನವರು ಹಸಿರು ಶಾಲು ಹೊದ್ದು ವಿಧಾನಸಭೆಗೂ ಹೋದರು, ಬೀದಿಗೂ ಬಂದರು. 2018ರ ಫೆಬ್ರುವರಿಯಲ್ಲಿ ತೀರಿಕೊಳ್ಳುವ ತನಕ ಭಾಷಣಕ್ಕಿಂತ ಹರಟೆಯ ಧಾಟಿಯಲ್ಲೇ ರೈತರಿಗೆ ಅರ್ಥಶಾಸ್ತ್ರ ಹೇಳಿದರು. ಅದೇ ವರ್ಷ ಕೆಆರ್‌ಎಸ್ ಅಣೆಕಟ್ಟೆಯ ಸುತ್ತ ಭಾರಿ ಸದ್ದು ಕೇಳಿಬಂದಾಗ ಎಲ್ಲರ ಕಣ್ಣು ಬೇಬಿ ಬೆಟ್ಟದ ಕಲ್ಲು ಗಣಿಗಳ ಕಡೆ ತಿರುಗಿತು. ಚಿನಕುರಳಿಗೆ ಬೇಬಿ ಬೆಟ್ಟ ದೂರವೇನಲ್ಲ, ಶಿವರಾತ್ರಿಯ ಹೊತ್ತಿನ ದನಗಳ ಜಾತ್ರೆಗೆ ನಮ್ಮ ಹಿರಿಯರು ಎತ್ತು ಹೊಡೆದುಕೊಂಡು ಹೋಗುತ್ತಿದ್ದ ಬೆಟ್ಟವೇ ಅದು. ಕಲ್ಲು ಸಿಡಿಸಿದರೆ ಕಟ್ಟೆಗೆ ಅಪಾಯವೇ ಎಂಬ ಪ್ರಶ್ನೆಯನ್ನು ರೈತಸಂಘದವರು ಬಿಡಲಿಲ್ಲ. 2024ರ ಜನವರಿಯಲ್ಲಿ ಹೈಕೋರ್ಟು ಕಟ್ಟೆಯ ಸುರಕ್ಷತೆಯ ಅಧ್ಯಯನ ಮುಗಿಯುವವರೆಗೆ ಸುತ್ತಲಿನ 20 ಕಿಲೋಮೀಟರ್ ವ್ಯಾಪ್ತಿಯಲ್ಲಿ ಗಣಿಗಾರಿಕೆಗೆ ತಡೆ ಕೊಟ್ಟಿತು. ತಮಾಷೆಯೆಂದರೆ, ಆ ಆದೇಶ ಹೊರಬಿದ್ದದ್ದು ಗಣಿ ನಡೆಸಲು ಅನುಮತಿ ಕೇಳಿ ಹೋದವರ ಅರ್ಜಿಯಲ್ಲೇ. ಅಧಿಕಾರಿಗಳು ಪರೀಕ್ಷಾರ್ಥ ಸ್ಫೋಟಕ್ಕೆ ಹೊರಟಾಗ ರೈತರು ಅದನ್ನೂ ವಿರೋಧಿಸಿದರು. ಗಣಿಯಲ್ಲಿ ಕಲ್ಲು ಒಡೆದು ಬದುಕುತ್ತಿದ್ದ ಕೂಲಿಯವರ ಹೊಟ್ಟೆಪಾಡೂ ಇದರಲ್ಲಿ ಸೇರಿದೆ, ಅವರನ್ನು ಬಿಟ್ಟು ಮಾತಾಡಿದರೆ ಹೋರಾಟಕ್ಕೆ ಒಂದು ಕಣ್ಣು ಕುರುಡು.

ಬೆಟ್ಟ ಉಳಿಯಬೇಕು ಎಂದು ಕೂಗಿದವರಲ್ಲಿ ಎಷ್ಟೋ ಜನ ಆ ಬೆಟ್ಟದ ಜಾತ್ರೆಗೆ ಹೋದವರು, ಅದರ ತಪ್ಪಲಲ್ಲಿ ಕುರಿ ಮೇಯಿಸಿದವರು. ಕೆರೆಯ ಏರಿ ಮೇಲೆ ಎಂದೂ ನಡೆಯದವನು ಕೆರೆ ಒತ್ತುವರಿಯಾದರೆ ಯಾಕೆ ಎದ್ದಾನು? ಕಷ್ಟಕಾಲದಲ್ಲಿ ಮಲ್ಲಿಗೆ ದಂಡ ಎನ್ನುವವರಿಗೆ ನನ್ನ ಉತ್ತರ ಇಷ್ಟೇ.

ಇನ್ನು ಕೆಲಸದ ಮಾತು. 1993ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ನಡೆಯಲೇಬೇಕು. ಊರಿನ ಮತದಾರರೆಲ್ಲ ಅದರ ಸದಸ್ಯರೇ, ಕರೆಯೋಲೆ ಬರಲಿ ಎಂದು ಕಾಯಬೇಕಾಗಿಲ್ಲ. ನಾಟಕಕ್ಕೆ ಸಾವಿರ ಜನ ಸೇರುವ ಊರಲ್ಲಿ ಗ್ರಾಮಸಭೆಗೆ ಅಧಿಕಾರಿಗಳೂ ಹತ್ತು ಜನರೂ ಮಾತ್ರ ಕೂತಿರುವುದನ್ನು ನಾವೆಲ್ಲ ನೋಡಿದ್ದೇವೆ. ಸಭೆ ಆಯಿತೆಂದು ಪುಸ್ತಕದಲ್ಲಿ ಬರೆದು, ಆಮೇಲೆ ಮನೆಮನೆಗೆ ಸಹಿಗೆ ಕಳಿಸುವುದನ್ನೂ ನೋಡಿದ್ದೇವೆ. ಅಂಥ ಸಹಿ ಹಾಕಬೇಡಿ. ನಿಮ್ಮ ಪಂಚಾಯಿತಿಯ ಮುಂದಿನ ಗ್ರಾಮಸಭೆ ಯಾವತ್ತು ಎಂದು ಇವತ್ತೇ ಹೋಗಿ ಪಿಡಿಒ ಅವರನ್ನು ಕೇಳಿ. ಹೋಗುವಾಗ ನಿಮ್ಮೂರ ಭೀಮ, ದುರ್ಯೋಧನರನ್ನೂ ಜೊತೆಗೆ ಕರೆದುಕೊಂಡು ಹೋಗಿ. ಅವರ ದನಿ ಮೈಕಿಲ್ಲದೆಯೂ ಕೇಳುತ್ತದೆ.