ಪಟ್ಟಣಕ್ಕೂ ಹಳ್ಳಿಗೂ ಬಿದ್ದಿರುವ ಬಿರುಕು
(ಶಿಡ್ಲಘಟ್ಟದಲ್ಲಿ ನೆರೆದ ಉಪಾಧ್ಯಾಯರ ಮತ್ತು ಪುರಜನರ ಸಭೆಯಲ್ಲಿ ಮಾಡಿದ ಭಾಷಣ)



ಈ ಸಭೆಯಲ್ಲಿ ನಾಲ್ಕು ಮಾತನ್ನಾಡಬೇಕೆಂದು ತಾವು ಅಪ್ಪಣೆ ಮಾಡಿದಾಗ ನಾವು ಒಡನೆಯೇ ಒಪ್ಪಿಕೊಳ್ಳಲಿಲ್ಲ. ವಕೀಲರಿಗೆ ಒಂದು ಪಕ್ಷವನ್ನು ಹಿಡಿದು ವಾದಿಸುವುದು ಅಭ್ಯಾಸ. ಎರಡು ಪಕ್ಷಗಳ ನಡುವೆ ನಿಂತು ಮಾತನಾಡುವುದು ನಮಗೆ ಅಷ್ಟಾಗಿ ಬಾರದು. ಮೇಲಾಗಿ, ಇಂದಿನ ವಿಷಯವಾದ ಪಟ್ಟಣ ಮತ್ತು ಹಳ್ಳಿಗಳ ವೈಮನಸ್ಯದಿಂದ ನಮ್ಮ ವೃತ್ತಿಗೆ ನಷ್ಟವೇನೂ ಇಲ್ಲ, ಲಾಭವೇ ಉಂಟು. ಗೂಡಿನ ಬಾಕಿ, ದಾರಿಯ ತಕರಾರು, ಕೆರೆಯ ಒತ್ತುವರಿ ಇವುಗಳಿಂದಲೇ ನಮ್ಮಲ್ಲಿ ಅನೇಕರ ಮನೆಯ ಒಲೆ ಉರಿಯುತ್ತದೆ. ಇದನ್ನು ಮುಚ್ಚಿಟ್ಟು ಉಪದೇಶಕ್ಕೆ ತೊಡಗುವುದು ಸರಿಯಲ್ಲವೆಂದು ಮೊದಲೇ ಅರಿಕೆ ಮಾಡಿಕೊಂಡಿದ್ದೇವೆ.

ಹೀಗಿದ್ದೂ ಬಂದುದಕ್ಕೆ ಕಾರಣ, ಒಂದೇ ದಿನ ಕೇಳಿದ ಎರಡು ಮಾತುಗಳು. ಬೆಳಿಗ್ಗೆ ಜಂಗಮಕೋಟೆ ಹೋಬಳಿಯ ಕಡೆಯ ವೃದ್ಧ ರೈತರೊಬ್ಬರು ನಮ್ಮ ಕಚೇರಿಗೆ ಬಂದು, "ಪೇಟೆಯವರ ಪಾರ್ಟಿ ಗೆದ್ದರೆ ನಮ್ಮೂರ ರಸ್ತೆಗೆ ಒಂದು ಗಾಡಿ ಜಲ್ಲಿಯೂ ಬೀಳುವುದಿಲ್ಲ ಸ್ವಾಮಿ" ಎಂದರು. ಸಂಜೆ ಈ ಪಟ್ಟಣದಲ್ಲಿಯೇ ನೂಲು ಬಿಚ್ಚುವ ಘಟಕವನ್ನಿಟ್ಟುಕೊಂಡಿರುವ ಮುಸಲ್ಮಾನ ಗೃಹಸ್ಥರೊಬ್ಬರು, "ಹಳ್ಳಿಯವರೆಲ್ಲ ಒಂದಾಗಿ ಗೆದ್ದರೆ ನಮ್ಮ ಗತಿಯೇನು ವಕೀಲ್ ಸಾಹೇಬರೇ?" ಎಂದು ಕೇಳಿದರು. ಇಬ್ಬರೂ ಸಜ್ಜನರು. ಇಬ್ಬರಿಗೂ ಇಪ್ಪತ್ತು ವರ್ಷಗಳಿಂದ ಪರಸ್ಪರ ವ್ಯವಹಾರವಿದೆ. ಆದರೂ ಒಬ್ಬರಿಗೆ ಇನ್ನೊಬ್ಬರ ವಿಷಯದಲ್ಲಿ ಇರುವುದು ಭಯ. ಈ ಭಯವು ಎಲ್ಲಿಂದ ಬಂದಿತು, ಇದರಿಂದ ಯಾರಿಗೆ ಪ್ರಯೋಜನ, ಇದಕ್ಕೆ ಪರಿಹಾರವೇನು ಎಂಬುದೇ ಇಂದು ನಾವು ವಿಚಾರ ಮಾಡತಕ್ಕದ್ದು.

ಮೊದಲು ನಮ್ಮ ಊರಿನ ಅನ್ನವು ಯಾವುದೆಂದು ನೋಡೋಣ. ಹಳ್ಳಿಯಲ್ಲಿ ರೈತನು ಹಿಪ್ಪುನೇರಳೆ ಬೆಳೆಯುತ್ತಾನೆ. ಅವನ ಮನೆಯ ಹೆಂಗಸರು ಹಗಲಿರುಳೆನ್ನದೆ ಹುಳುವಿಗೆ ಸೊಪ್ಪು ಹಾಕುತ್ತಾರೆ. ನಾಲ್ಕು ಜ್ವರಗಳನ್ನು ದಾಟಿ ಹಣ್ಣಾದ ಹುಳುವನ್ನು ಚಂದ್ರಂಕಿಗೆ ಬಿಡುತ್ತಾರೆ. ಗೂಡು ಕಟ್ಟಿದ ಮೇಲೆ ರೈತನಿಗೆ ಉಳಿಯುವ ಅವಧಿ ಕೆಲವೇ ದಿನ. ತಡಮಾಡಿದರೆ ಚಿಟ್ಟೆಯು ಗೂಡನ್ನು ಕೊರೆದು ಹೊರಬರುವುದು, ಎಳೆಯು ತುಂಡಾಗುವುದು. ರಾಗಿಯಂತೆ ಕಣಜದಲ್ಲಿ ತುಂಬಿಟ್ಟು ಬೆಲೆ ಬಂದಾಗ ಮಾರುವ ಪದಾರ್ಥ ಇದಲ್ಲ. ಆದುದರಿಂದ ಮಾರುಕಟ್ಟೆಯ ಜಾಲರಿಯಲ್ಲಿ ಗೂಡನ್ನು ಸುರಿದು ನಿಂತ ರೈತನಿಗೆ, ಹರಾಜು ಕೂಗುವವರೆಲ್ಲ ತನ್ನ ಅವಸರವನ್ನೇ ಬಂಡವಾಳ ಮಾಡಿಕೊಂಡಿದ್ದಾರೆಂದು ತೋರುವುದು ಸಹಜ.

ಇನ್ನು ಪಟ್ಟಣದ ಕಡೆಯಿಂದ ನೋಡಿರಿ. ಒಂದು ಕಿಲೋ ನೂಲಿಗೆ ಸುಮಾರು ಏಳೆಂಟು ಕಿಲೋ ಗೂಡು ಬೇಕು. ಗೂಡಿಗೆ ಇಂದೇ ಹಣ ಕಟ್ಟಬೇಕು. ನೂಲು ಮಾರಾಟವಾಗುವುದು ಮುಂದೆ. ಬಿಸಿನೀರಿನಲ್ಲಿ ಕೈ ಅದ್ದಿ ಎಳೆ ಹಿಡಿಯುವ ಕೂಲಿಯ ಹೆಣ್ಣುಮಕ್ಕಳಿಗೆ ಕೂಲಿ ತಪ್ಪಿಸುವಂತಿಲ್ಲ. ಗೂಡು ದೊರೆಯದ ದಿನ ಒಲೆಯೂ ತಣ್ಣಗೆ, ಕೂಲಿಯವರ ಮನೆಯೂ ತಣ್ಣಗೆ. ಇಂಥವನಿಗೆ, ರೈತನು ಬೆಲೆ ಸಾಲದೆಂದು ಹರಾಜನ್ನು ನಿರಾಕರಿಸಿದರೆ, ಅದು ಹಠವಾಗಿ ಕಾಣುವುದು. ಒಬ್ಬನಿಗೆ ಚಿಟ್ಟೆಯ ಭಯ, ಇನ್ನೊಬ್ಬನಿಗೆ ಖಾಲಿ ಒಲೆಯ ಭಯ. ಈ ಎರಡು ಅವಸರಗಳ ನಡುವೆ ನ್ಯಾಯವಿರಲೆಂದೇ 1959ರ ಕಾಯಿದೆಯು ಗೂಡಿನ ವ್ಯಾಪಾರವನ್ನು ಸರ್ಕಾರದ ಕಟ್ಟುಪಾಡಿಗೆ ಒಳಪಡಿಸಿತು. ಮಾರುಕಟ್ಟೆಯಲ್ಲಿ, ಎಲ್ಲರ ಕಣ್ಣೆದುರಿಗೆ ಹರಾಜು ನಡೆಯುವ ಪದ್ಧತಿ ಬೇರೂರಿತು.

ಬೆಲೆಯ ವಿಷಯದಲ್ಲಿ ಇಬ್ಬರಿಗೂ ವಿರೋಧವಿಲ್ಲವೆಂದು ನಾವು ಹೇಳುವುದಿಲ್ಲ. ಮಾರುವವನಿಗೂ ಕೊಳ್ಳುವವನಿಗೂ ಆ ವಿರೋಧ ಎಲ್ಲ ದೇಶದಲ್ಲಿಯೂ ಉಂಟು. ಆದರೆ 2011ರಲ್ಲಿ ಏನಾಯಿತೆಂಬುದನ್ನು ನೆನೆಯಿರಿ. ಆ ವರ್ಷದ ಕೇಂದ್ರ ಮುಂಗಡಪತ್ರದಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇಕಡ 30ರಿಂದ 5ಕ್ಕೆ ಇಳಿಸಿದರು. ಚೀನಾದ ನೂಲು ಅಗ್ಗವಾಯಿತು. ನಮ್ಮ ನೂಲಿನ ಬೆಲೆ ಬಿದ್ದಿತು. ಅದರ ಹಿಂದೆಯೇ ಗೂಡಿನ ಬೆಲೆಯೂ ಬಿದ್ದಿತು. ಆ ಏಟು ಪಟ್ಟಣದವನನ್ನು ಬಿಟ್ಟು ಹಳ್ಳಿಯವನಿಗೆ ಬೀಳಲಿಲ್ಲ, ಹಳ್ಳಿಯವನನ್ನು ಬಿಟ್ಟು ಪಟ್ಟಣದವನಿಗೂ ಬೀಳಲಿಲ್ಲ. ಸುಂಕವನ್ನು ಮತ್ತೆ ಶೇಕಡ 15ಕ್ಕೆ ಏರಿಸಿದ್ದು 2013ರಲ್ಲಿ. ದಿನದಿನದ ಹರಾಜಿನಲ್ಲಿ ಎದುರಾಳಿಗಳಾಗಿ ಕಾಣುವ ಈ ಇಬ್ಬರು, ದೊಡ್ಡ ಲೆಕ್ಕದಲ್ಲಿ ಒಂದೇ ದೋಣಿಯಲ್ಲಿ ಕುಳಿತವರೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕೆ?

ಹಾಗಾದರೆ ವ್ಯಾಪಾರದ ಈ ಸಣ್ಣ ಮುನಿಸು ರಾಜಕೀಯದ ದ್ವೇಷವಾದದ್ದು ಹೇಗೆ? ನಮ್ಮ ಅಭಿಪ್ರಾಯದಲ್ಲಿ ಅದಕ್ಕೆ ಒಂದು ಮುಖ್ಯ ಕಾರಣ, ಮತಗಳನ್ನು ಮತಗಟ್ಟೆವಾರು ಎಣಿಸಿ ಪ್ರಕಟಿಸುವ ಪದ್ಧತಿ. ಕಾಗದದ ಮತಪತ್ರಗಳಿದ್ದ ಕಾಲದಲ್ಲಿ ಹಲವು ಮತಗಟ್ಟೆಗಳ ಪತ್ರಗಳನ್ನು ಬೆರೆಸಿ ಎಣಿಸುವ ಅವಕಾಶವಿತ್ತು. ಯಂತ್ರಗಳು ಬಂದ ಮೇಲೆ ಯಾವ ವಾರ್ಡಿನವರು, ಯಾವ ಹಳ್ಳಿಯವರು ಯಾರಿಗೆ ಎಷ್ಟು ಮತ ಕೊಟ್ಟರೆಂಬುದು ಅಂಗೈ ನೆಲ್ಲಿಯಂತೆ ಕಾಣತೊಡಗಿತು. ಎಣಿಕೆ ಮುಗಿದ ರಾತ್ರಿಯೇ ಪಟ್ಟಿಗಳು ಸಿದ್ಧವಾಗುತ್ತವೆ: ಈ ಬೀದಿ ನಮ್ಮದು, ಆ ಊರು ಅವರದು. ಬಳಿಕ ಚರಂಡಿ, ದೀಪ, ರಸ್ತೆ, ಕೊಳವೆ ಬಾವಿ ಎಲ್ಲವೂ ಆ ಪಟ್ಟಿಯನ್ನು ನೋಡಿಯೇ ಬರುವುವೆಂಬ ಶಂಕೆ ಹುಟ್ಟುವುದು. ಶಂಕೆ ನಿಜವೋ ಸುಳ್ಳೋ, ಅದು ಹುಟ್ಟಿದ ಮೇಲೆ ಮತದಾರನು ತನಗೆ ಬೇಕಾದವರಿಗೆ ಮತ ಕೊಡದೆ, ತನ್ನ ಊರಿನ ಗುಂಪಿಗೆ ಅಂಜಿ ಮತ ಕೊಡುತ್ತಾನೆ. ಹಲವು ಯಂತ್ರಗಳ ಮತಗಳನ್ನು ಒಟ್ಟು ಕೂಡಿಸಿ ಎಣಿಸುವ ಉಪಕರಣವೊಂದನ್ನು ಚುನಾವಣಾ ಆಯೋಗವು 2008ರಲ್ಲಿಯೇ ಸೂಚಿಸಿತು. 2015ರಲ್ಲಿ ಕಾನೂನು ಆಯೋಗವೂ ತನ್ನ 255ನೆಯ ವರದಿಯಲ್ಲಿ ಅದನ್ನು ಅನುಮೋದಿಸಿತು. ಯಾವ ಪಕ್ಷವೂ ಇದನ್ನು ತನ್ನ ಹೋರಾಟವಾಗಿ ಹಿಡಿಯಲಿಲ್ಲ. ಪಟ್ಟಿಯು ಪಕ್ಷಗಳಿಗೆ ಬೇಕಾಗಿದೆಯೆಂದೇ ನಮಗೆ ತೋರುವುದು.

ಈ ಒಡಕು ನಮ್ಮ ಸೀಮೆಗೆ ಹೊಸದೇನೂ ಅಲ್ಲ. ನಮ್ಮ ಹಿರಿಯರು ಇದಕ್ಕಿಂತ ದೊಡ್ಡದನ್ನು ಕಂಡಿದ್ದರು, ದಾಟಿದ್ದರು. ಹಳೆಯ ಮೈಸೂರು ಸಂಸ್ಥಾನದಲ್ಲಿ ಕಾಂಗ್ರೆಸ್ಸು ಮೊದಲು ಬಹುಮಟ್ಟಿಗೆ ಪಟ್ಟಣಗಳ ಸಂಸ್ಥೆಯಾಗಿತ್ತು. ಅದರಲ್ಲಿ ನಮ್ಮಂಥ ವಕೀಲರೂ ಇಂಗ್ಲಿಷ್ ಓದಿದವರೂ, ಅವರಲ್ಲಿಯೂ ಬ್ರಾಹ್ಮಣರು, ಹೆಚ್ಚು. ವಿದ್ಯೆಯಲ್ಲಿಯೂ ಉದ್ಯೋಗದಲ್ಲಿಯೂ ತಮಗೆ ಪಾಲಿಲ್ಲವೆಂದು ನೊಂದ ಇತರ ವರ್ಗಗಳ ಮುಖಂಡರು 1917ರಲ್ಲಿ ಪ್ರಜಾಮಿತ್ರ ಮಂಡಳಿಯನ್ನು ಕಟ್ಟಿದರು. 1930ರ ಸುಮಾರಿಗೆ, ರೈತರ ಕಷ್ಟಗಳನ್ನು ಮುಂದಿಟ್ಟುಕೊಂಡು ಪ್ರಜಾಪಕ್ಷ ಹುಟ್ಟಿತು. 1934ರಲ್ಲಿ ಇವೆರಡೂ ಸೇರಿ ಪ್ರಜಾಸಂಯುಕ್ತ ಪಕ್ಷವಾಯಿತು. ಪಟ್ಟಣದವರು ಹಳ್ಳಿಯ ಮುಖಂಡರನ್ನು ಸರ್ಕಾರದ ಕಡೆಯವರೆಂದರು. ಹಳ್ಳಿಯ ಮುಖಂಡರು ಪಟ್ಟಣದವರ ಸ್ವರಾಜ್ಯವೆಂದರೆ ನಾಲ್ಕು ಜನ ವಕೀಲರ ರಾಜ್ಯವೆಂದು ಶಂಕಿಸಿದರು. ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು. ಬಂಡಿಯು ಇದ್ದಲ್ಲಿಯೇ ಇದ್ದಿತು. ಜವಾಬ್ದಾರಿ ಸರ್ಕಾರವು ದೂರವೇ ಉಳಿಯಿತು.

1937ರಲ್ಲಿ ಪ್ರಜಾಸಂಯುಕ್ತ ಪಕ್ಷವು ಕಾಂಗ್ರೆಸ್ಸಿನಲ್ಲಿ ಸೇರಿತು. ಸೇರಿದವರೆಲ್ಲ ತಮ್ಮ ದೂರುಗಳನ್ನು ಮರೆತು ಸೇರಲಿಲ್ಲ. ಆ ದೂರುಗಳನ್ನು ಒಳಗೆ ತಂದು, ಒಂದೇ ಜಗಲಿಯ ಮೇಲೆ ಕುಳಿತು ವಾದಿಸಬಹುದೆಂಬ ನಂಬಿಕೆಯಿಂದ ಸೇರಿದರು. ಮರುವರ್ಷ, 1938ರ ಏಪ್ರಿಲ್‌ನಲ್ಲಿ, ಮದ್ದೂರಿನ ಬಳಿಯ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ಅದೇ ತಿಂಗಳ 25ರಂದು, ಅಂದಿನ ನಮ್ಮ ಕೋಲಾರ ಜಿಲ್ಲೆಗೇ ಸೇರಿದ್ದ ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ, ಪರಿಷೆಯ ಕಾಲದಲ್ಲಿ, ನಿಷೇಧವನ್ನು ಮೀರಿ ಜನರು ಧ್ವಜಕ್ಕಾಗಿ ನೆರೆದರು. ಪೊಲೀಸರು ಗುಂಡು ಹಾರಿಸಿದರು. ಸತ್ತವರ ಸಂಖ್ಯೆಯಲ್ಲಿ ಸರ್ಕಾರದ ಲೆಕ್ಕಕ್ಕೂ ಜನರ ಲೆಕ್ಕಕ್ಕೂ ತಾಳೆಯಾಗಲಿಲ್ಲ. ಜನರ ಲೆಕ್ಕವು ಮೂವತ್ತನ್ನು ಮೀರುತ್ತದೆ. ಅಲ್ಲಿ ನೆರೆದಿದ್ದವರು ಯಾರು? ಪರಿಷೆಗೆ ಬಂದ ಒಕ್ಕಲು ಮಕ್ಕಳು. ಸ್ವರಾಜ್ಯವು ಪಟ್ಟಣದವರ ಮಾತೆಂದು ಅದಕ್ಕೆ ಮುಂಚೆ ಹೇಳುತ್ತಿದ್ದವರು ಅಂದಿನಿಂದ ಹಾಗೆ ಹೇಳುವಂತಿರಲಿಲ್ಲ. ಆ ಬಳಿಕ ವಲ್ಲಭಭಾಯಿ ಪಟೇಲರೂ ಕೃಪಲಾನಿಯವರೂ ಬಂದರು, ದಿವಾನ್ ಮಿರ್ಜಾ ಇಸ್ಮಾಯಿಲ್ಲರೊಡನೆ ಒಪ್ಪಂದವಾಯಿತು, ಧ್ವಜಕ್ಕೆ ಮಾನ್ಯತೆ ದೊರೆಯಿತು. 1947ರ ಅಕ್ಟೋಬರಿನಲ್ಲಿ ಜವಾಬ್ದಾರಿ ಸರ್ಕಾರ ಬಂದಾಗ ಅದರ ಮೊದಲ ಮುಖ್ಯಮಂತ್ರಿಯಾದವರು, ಪ್ರಜಾಪಕ್ಷವನ್ನು ಕಟ್ಟಿದವರಲ್ಲಿ ಒಬ್ಬರಾದ, ಕೋಲಾರ ಜಿಲ್ಲೆಯ ಕ್ಯಾಸಂಬಳ್ಳಿಯ ಕೆ. ಸಿ. ರೆಡ್ಡಿಯವರು.

ಏಕೀಕರಣದ ಕಾಲದಲ್ಲಿಯೂ ಇದೇ ಬಗೆಯ ಭಯವನ್ನು ಕಂಡೆವು. ಉತ್ತರದ ಜಿಲ್ಲೆಗಳು ಸೇರಿದರೆ ತಮ್ಮ ಬೊಕ್ಕಸವು ಬರಿದಾಗುವುದೆಂದು ಹಳೆಯ ಮೈಸೂರಿನಲ್ಲಿ ಅನೇಕರು ಅಂಜಿದರು. 1956ರ ನವೆಂಬರ್ 1ರಂದು ನಾಡು ಒಂದಾಯಿತು. ದೂರುಗಳು ಅಂದೇ ಮುಗಿಯಲಿಲ್ಲ. ಆದರೆ ಅವುಗಳನ್ನು ಕೇಳುವ ಸಭೆಯೊಂದು ಏರ್ಪಟ್ಟಿತು. ಐಕ್ಯವೆಂದರೆ ಜಗಳವಿಲ್ಲದಿರುವುದು ಎಂದು ನಾವು ತಿಳಿದಿಲ್ಲ. ಜಗಳವನ್ನು ಎದುರಾಎದುರು ಕುಳಿತು ಆಡುವುದಕ್ಕೆ ಒಂದು ಸ್ಥಳವಿರುವುದೇ ಐಕ್ಯ.

ಈಗ ಕೇಳಿರಿ, ನಮ್ಮ ಪಟ್ಟಣಕ್ಕೂ ಹಳ್ಳಿಗಳಿಗೂ ಅಂಥ ಸ್ಥಳವೆಲ್ಲಿದೆ? ಪಟ್ಟಣಕ್ಕೆ ನಗರಸಭೆ, ಹಳ್ಳಿಗೆ ಪಂಚಾಯತಿ. 1993ರಲ್ಲಿ ಜಾರಿಗೆ ಬಂದ 73 ಮತ್ತು 74ನೆಯ ಸಂವಿಧಾನ ತಿದ್ದುಪಡಿಗಳು ಎರಡಕ್ಕೂ ಬಲ ಕೊಟ್ಟವು, ನಿಜ. ಆದರೆ ಎರಡನ್ನೂ ಬೇರೆ ಬೇರೆ ಕೋಣೆಗಳಲ್ಲಿ ಕೂರಿಸಿ ಸುಮ್ಮನಾಗಲಿಲ್ಲ. ಸಂವಿಧಾನದ 243-ಜೆಡ್‌ಡಿ ವಿಧಿಯು ಪ್ರತಿ ಜಿಲ್ಲೆಗೂ ಜಿಲ್ಲಾ ಯೋಜನಾ ಸಮಿತಿ ಇರಬೇಕೆಂದು ವಿಧಿಸುತ್ತದೆ. ಅದರ ಸದಸ್ಯರಲ್ಲಿ ಐದರಲ್ಲಿ ನಾಲ್ಕು ಪಾಲಿಗೆ ಕಡಿಮೆಯಿಲ್ಲದಷ್ಟು ಜನರು ಜಿಲ್ಲಾ ಪಂಚಾಯತಿಯ ಮತ್ತು ನಗರಸಭೆಗಳ ಚುನಾಯಿತ ಸದಸ್ಯರಿಂದಲೇ, ಹಳ್ಳಿ ಮತ್ತು ಪಟ್ಟಣಗಳ ಜನಸಂಖ್ಯೆಯ ಪ್ರಮಾಣಕ್ಕೆ ಅನುಸಾರವಾಗಿ, ಆರಿಸಲ್ಪಡಬೇಕು. ಇಬ್ಬರಿಗೂ ಸಮಾನವಾದ ವಿಷಯಗಳನ್ನು, ಮುಖ್ಯವಾಗಿ ನೀರಿನ ಹಂಚಿಕೆಯನ್ನು, ಆ ಸಮಿತಿಯು ಯೋಚಿಸಬೇಕು. ನಮ್ಮ ಜಿಲ್ಲೆಗೆ ಇದಕ್ಕಿಂತ ತಕ್ಕ ಏರ್ಪಾಡು ಯಾವುದು?

ಆದರೆ ನಡೆದದ್ದೇನು? 2016ರಲ್ಲಿ ಆರಿಸಿಬಂದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯತಿಗಳ ಅವಧಿಯು 2021ರಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯನ್ನೇ ನಡೆಸಲಿಲ್ಲ. ಚುನಾಯಿತ ಜಿಲ್ಲಾ ಪಂಚಾಯತಿಯಿಲ್ಲದೆ ಆ ಸಮಿತಿಯಲ್ಲಿ ಹಳ್ಳಿಗಳ ಪರವಾಗಿ ಕೂರುವವರು ಯಾರು? ಬೆಂಚು ಬರಿದಾದ ಮೇಲೆ ಮಾತು ಬೀದಿಗೆ ಬರುವುದು. ಬೀದಿಯಲ್ಲಿ ಅದು ಜಾತಿಯ ಮಾತಾಗುವುದು, ಮತದ ಮಾತಾಗುವುದು. ನಮ್ಮಲ್ಲಂತೂ ಗೂಡು ಬೆಳೆಯುವವರು ಹೆಚ್ಚಾಗಿ ಹಿಂದೂಗಳು, ನೂಲು ಬಿಚ್ಚುವವರು ಹೆಚ್ಚಾಗಿ ಮುಸಲ್ಮಾನರು. ಬೆಲೆಯ ಜಗಳಕ್ಕೆ ಧರ್ಮದ ಬಣ್ಣ ಹಚ್ಚುವವನಿಗೆ ಇಲ್ಲಿ ಕುಂಚವೂ ಬೇಡ. ಇದೇ ನಮ್ಮ ಊರಿಗಿರುವ ನಿಜವಾದ ಗಂಡಾಂತರ.

ಪಟ್ಟಣದ ಬಂಧುಗಳಿಗೆ ವಿಶೇಷವಾಗಿ ಒಂದು ಮಾತು. ಹಳ್ಳಿಯವರ ದೂರುಗಳೆಲ್ಲ ಕಲ್ಪಿತವಲ್ಲ. ನಮ್ಮ ಕೊಳಚೆಯು ಇಳಿಜಾರಿನಲ್ಲಿರುವ ಅವರ ಕೆರೆಯ ಕಡೆಗೇ ಹರಿಯುವುದು. ಸಾವಿರ ಅಡಿ ಕೊರೆದರೂ ನೀರು ಕಾಣದ ಸಂಕಟವು ಅವರಿಗೇ ಮೊದಲು ತಟ್ಟುವುದು. ನಾವು ಅದನ್ನು ಹಗುರವಾಗಿ ಕಾಣುವೆವಾದರೆ, ಬೆಂಗಳೂರು ನಮ್ಮನ್ನು ಹೇಗೆ ಕಂಡಿದೆಯೆಂದು ನೋಡೋಣ. ಹೆಬ್ಬಾಳ–ನಾಗವಾರ ಕಣಿವೆಯಿಂದ ಆ ಮಹಾನಗರದ ಕೊಳಚೆ ನೀರನ್ನು ಎರಡನೆಯ ಹಂತದವರೆಗೆ ಶುದ್ಧಿಮಾಡಿ ನಮ್ಮ ಜಿಲ್ಲೆಯ ಕೆರೆಗಳಿಗೆ ತುಂಬಿಸುವ ಯೋಜನೆ ಬಂದಾಗ, ಮೂರನೆಯ ಹಂತದ ಶುದ್ಧೀಕರಣವೂ ಬೇಕೆಂದು ನಾವೆಲ್ಲ ಕೇಳಿದೆವು. ಆ ದಿನ ಶಿಡ್ಲಘಟ್ಟದ ಪೇಟೆಯವನೂ ಬೆಂಗಳೂರಿನ ಕಣ್ಣಿಗೆ ಹಳ್ಳಿಯವನೇ ಆಗಿದ್ದನು. ನಮಗಾದ ನೋವನ್ನೇ ಅಳತೆಗೋಲಾಗಿಟ್ಟುಕೊಂಡು ಪಕ್ಕದ ಹಳ್ಳಿಯ ನೋವನ್ನು ಅಳೆಯುವುದು ಕಷ್ಟವಾಗಲಾರದು. ಹಳ್ಳಿಯ ಮಹನೀಯರಿಗೂ ಒಂದು ಬಿನ್ನಹ: ಪಟ್ಟಣವೆಂದರೆ ಮಾಳಿಗೆ ಮನೆಗಳಷ್ಟೇ ಅಲ್ಲ, ಬಿಸಿನೀರಿನಿಂದ ಬೆರಳು ಸವೆಸಿಕೊಂಡ ಹೆಣ್ಣುಮಕ್ಕಳೂ ಪಟ್ಟಣದವರೇ.

ಇನ್ನು ಮಾಡತಕ್ಕದ್ದೇನು? ಮೂರು ಸೂಚನೆಗಳನ್ನು ಸಭೆಯ ಮುಂದಿಡುತ್ತೇವೆ. ಮೊದಲನೆಯದು, ಜಿಲ್ಲಾ ಪಂಚಾಯತಿಯ ಚುನಾವಣೆಗಳು ಕಾಲಕಾಲಕ್ಕೆ ತಪ್ಪದೆ ನಡೆಯಬೇಕು, ಜಿಲ್ಲಾ ಯೋಜನಾ ಸಮಿತಿಯು ಕೂಡಬೇಕು, ಅದರ ನಡಾವಳಿಯು ಜನರಿಗೆ ತಿಳಿಯಬೇಕು ಎಂಬ ಬಿನ್ನವತ್ತಳೆಗೆ ರೈತರೂ ನೂಲು ಬಿಚ್ಚುವವರೂ ಒಂದೇ ಹಾಳೆಯ ಮೇಲೆ ರುಜು ಹಾಕಬೇಕು. ಎರಡನೆಯದು ಉಪಾಧ್ಯಾಯರ ಪಾಲಿನದು: ವರ್ಷಕ್ಕೊಮ್ಮೆ ಪಟ್ಟಣದ ಮಕ್ಕಳನ್ನು ಹುಳು ಹಣ್ಣಾಗುವ ಕಾಲಕ್ಕೆ ಹಳ್ಳಿಯ ಹುಳುಮನೆಗೆ, ಹಳ್ಳಿಯ ಮಕ್ಕಳನ್ನು ನೂಲು ಬಿಚ್ಚುವ ಘಟಕಕ್ಕೆ ಕರೆದೊಯ್ಯಿರಿ. ಮನೆಯಲ್ಲಿ ತೆಲುಗಾಡಲಿ, ಉರ್ದುವಾಡಲಿ, ತಮ್ಮ ತರಗತಿಯ ಕನ್ನಡದಲ್ಲಿ ಈ ಮಕ್ಕಳು ಈಗಾಗಲೇ ಒಂದಾಗಿದ್ದಾರೆ. ಅದನ್ನು ಮುಂದಕ್ಕೆ ಒಯ್ಯುವುದಷ್ಟೇ ಕೆಲಸ. ಮೂರನೆಯದು ನಮ್ಮದು. ಇನ್ನು ಮೇಲೆ ಗೂಡಿನ ಹಣದ ವ್ಯಾಜ್ಯ ನಮ್ಮ ಬಳಿಗೆ ಬಂದರೆ, ಹಳ್ಳಿಯಿಂದ ಇಬ್ಬರು, ಪಟ್ಟಣದಿಂದ ಇಬ್ಬರು ಹಿರಿಯರ ಮುಂದೆ ಅದನ್ನು ಒಮ್ಮೆ ಇಡದೆ ನ್ಯಾಯಾಲಯದ ಮೆಟ್ಟಿಲು ಹತ್ತುವುದಿಲ್ಲ. ಆ ವೃದ್ಧ ರೈತರೂ ಆ ಗೃಹಸ್ಥರೂ ಇಬ್ಬರೂ ಈ ಸಭೆಯಲ್ಲಿ ಕುಳಿತಿದ್ದಾರೆ. ನಾಲ್ವರಲ್ಲಿ ಮೊದಲ ಇಬ್ಬರಾಗಬೇಕೆಂದು ಅವರನ್ನೇ ಬೇಡಿಕೊಳ್ಳುತ್ತೇವೆ.