ಮಾನವ ಕಳ್ಳಸಾಗಣೆಯ ವಿರುದ್ಧ: ಅಂದು, ಇಂದು

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಮನುಷ್ಯರನ್ನು ಮಾರುವ ವ್ಯಾಪಾರವನ್ನು ತಡೆಯುವುದು ಒಬ್ಬರಿಂದ ಆಗುವ ಕೆಲಸವಲ್ಲ. ಇತಿಹಾಸ ಇದನ್ನೇ ಹೇಳುತ್ತದೆ. 1787ರ ಮೇ 22ರಂದು ಲಂಡನ್ನಿನ ಒಂದು ಮುದ್ರಣಾಲಯದಲ್ಲಿ ಹನ್ನೆರಡು ಜನ ಸಭೆ ಸೇರಿದರು. ಒಂಬತ್ತು ಮಂದಿ ಕ್ವೇಕರ್ ಪಂಥದವರು, ಮೂವರು ಆಂಗ್ಲಿಕನ್ನರು. ಪಂಥ ಬೇರೆಯಾದರೂ ಗುರಿ ಒಂದೇ ಆಗಿತ್ತು. ಅವರಲ್ಲೊಬ್ಬರಾದ ಥಾಮಸ್ ಕ್ಲಾರ್ಕ್‌ಸನ್ ಬ್ರಿಸ್ಟಲ್, ಲಿವರ್‌ಪೂಲ್ ಬಂದರುಗಳಿಗೆ ಹೋಗಿ ಗುಲಾಮರ ಹಡಗುಗಳ ಹಾಜರಿ ಪಟ್ಟಿಗಳನ್ನು ಹುಡುಕಿದರು. ಎಷ್ಟು ನಾವಿಕರು ಹೊರಟರು, ಎಷ್ಟು ಮಂದಿ ಸತ್ತರು ಎಂದು ಲೆಕ್ಕ ತೆಗೆದು, ಈ ವ್ಯಾಪಾರ ನಾವಿಕರನ್ನೂ ನುಂಗುತ್ತಿದೆ ಎಂದು ತೋರಿಸಿದರು. ಸ್ವತಃ ಗುಲಾಮರಾಗಿದ್ದ ಒಲಾಡಾ ಎಕ್ವಿಯಾನೊ 1789ರಲ್ಲಿ ತಮ್ಮ ಆತ್ಮಕಥೆ ಪ್ರಕಟಿಸಿದರು. 1791ರಲ್ಲಿ ಸಂಸತ್ತು ಮಸೂದೆಯನ್ನು ತಿರಸ್ಕರಿಸಿದಾಗ ಸಾವಿರಾರು ಕುಟುಂಬಗಳು ಗುಲಾಮರ ದುಡಿಮೆಯಿಂದ ಬಂದ ಸಕ್ಕರೆಯನ್ನೇ ಬಿಟ್ಟವು. ಕಡೆಗೆ 1807ರಲ್ಲಿ ಬ್ರಿಟನ್ ಗುಲಾಮರ ವ್ಯಾಪಾರವನ್ನು ನಿಷೇಧಿಸಿತು. ಅದಕ್ಕೆ ಇಪ್ಪತ್ತು ವರ್ಷ ಹಿಡಿಯಿತು.

ಇಂದು ಅದೇ ವ್ಯಾಪಾರ ಕೆಲಸ, ಮದುವೆ, ಮುಂಗಡ ಹಣದ ಆಸೆ ತೋರಿಸಿ ಬಡವರ ಬಾಗಿಲಿಗೆ ಬರುತ್ತದೆ. ನಮ್ಮ ಸಂವಿಧಾನದ 23ನೇ ವಿಧಿ ಇದನ್ನು ನಿಷೇಧಿಸಿದೆ. ವಿಶ್ವಸಂಸ್ಥೆ 2000ದಲ್ಲಿ ಅಂಗೀಕರಿಸಿದ ಪಲೆರ್ಮೊ ಒಪ್ಪಂದವನ್ನು ಭಾರತ 2011ರಲ್ಲಿ ಅನುಮೋದಿಸಿತು. ಈಗ ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಮಿನಡಿ "ಅವಳೇ ಒಪ್ಪಿ ಬಂದಳು" ಎಂಬ ನೆಪ ನಡೆಯುವುದಿಲ್ಲ.

ಆದರೆ ಕಾನೂನಿಗೆ ಸುದ್ದಿ ಮುಟ್ಟಿಸುವವರು ಯಾರು? ಕೆಲವು ವರ್ಷಗಳ ಹಿಂದೆ ನನ್ನ ಏಳನೇ ತರಗತಿಯ ಹುಡುಗಿಯೊಬ್ಬಳು ಎಂಟು ದಿನ ಶಾಲೆಗೆ ಬರಲಿಲ್ಲ. ನಾನು ಹಾಜರಿ ಪುಸ್ತಕದಲ್ಲಿ ಗೈರು ಎಂದು ಗುರುತು ಹಾಕುತ್ತಾ ಹೋದೆ. ಒಂಬತ್ತನೇ ದಿನ ಅವಳ ಗೆಳತಿ, "ಟೀಚರ್, ಅವಳನ್ನ ಮನೆಗೆಲಸಕ್ಕೆ ದೂರದ ಊರಿಗೆ ಕಳಿಸ್ತಾರಂತೆ, ದುಡ್ಡೂ ಕೊಟ್ಟಿದಾರಂತೆ" ಎಂದಳು. ಅಂದೇ ಮುಖ್ಯೋಪಾಧ್ಯಾಯರು, ಜಮಾಅತ್‌ನ ಹಿರಿಯರೊಬ್ಬರು, ಅಂಗನವಾಡಿ ಕಾರ್ಯಕರ್ತೆ ಮತ್ತು ನಾನು ಅವಳ ಮನೆಗೆ ಹೋದೆವು. 1098ಕ್ಕೂ ಕರೆ ಮಾಡಿದೆವು. ಹುಡುಗಿ ಉಳಿದಳು. ಆದರೆ ಸುಮ್ಮನಿದ್ದ ಆ ಎಂಟು ದಿನಗಳು ನನ್ನನ್ನು ಇಂದಿಗೂ ಚುಚ್ಚುತ್ತವೆ.

ಕ್ಲಾರ್ಕ್‌ಸನ್ನರ ಕೈಯಲ್ಲಿ ಹಡಗಿನ ಹಾಜರಿ ಪಟ್ಟಿಯಿತ್ತು, ನಮ್ಮ ಕೈಯಲ್ಲಿ ಶಾಲೆಯ ಹಾಜರಿ ಪುಸ್ತಕವಿದೆ. ವಿದ್ಯಾರ್ಥಿಗಳೇ, ಪಕ್ಕದ ಜಾಗ ಮೂರು ದಿನ ಖಾಲಿಯಿದ್ದರೆ ನಮಗೆ ಹೇಳಿ. ಸಂಘದ ಸದಸ್ಯರೇ, ನಾವು ಕರೆದ ದಿನ ನಮ್ಮೊಡನೆ ಆ ಮನೆಗೆ ಬನ್ನಿ. ಮಕ್ಕಳ ಸಹಾಯವಾಣಿ 1098 ಹಗಲು ರಾತ್ರಿ ಉಚಿತವಾಗಿ ಸಿಗುತ್ತದೆ. ಅದು ಎಲ್ಲರಿಗೂ ಬಾಯಿಪಾಠವಿರಲಿ.