ನಾಯಿಯ ಒಳಸೀನು: ಹೆದರಬೇಡಿ, ಆದರೆ ಗಮನಿಸಿ

(ಸಂಘದ ರಜತ ಮಹೋತ್ಸವದ ಅಂಗವಾಗಿ ಏರ್ಪಡಿಸಿದ್ದ ಜಾನುವಾರು ಆರೋಗ್ಯ ಗೋಷ್ಠಿಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಮ್ಮ ಹಾಲು ಉತ್ಪಾದಕರ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಹಸು, ಎಮ್ಮೆ, ಮೇವು, ಕೆಚ್ಚಲು ಬಾವು ಇವುಗಳ ವಿಚಾರ ಮಾತಾಡೋರು ಬೇಕಾದಷ್ಟು ಜನ ಇದ್ದಾರೆ. ನಮ್ಮ ಪಾಲಿಗೆ ಬಂದಿರೋದು ನಾಯಿ ವಿಚಾರ. "ನಾಯಿ ಏನು ಡೈರಿಗೆ ಹಾಲು ಹಾಕುತ್ತಾ?" ಅಂತ ಹಿಂದಿನ ಸಾಲಿನಲ್ಲಿ ಯಾರೋ ನಕ್ಕಿದ್ದು ನಮಗೂ ಕೇಳಿಸಿತು. ಹಾಕೋದಿಲ್ಲ, ನಿಜ. ಆದರೆ ಹಾಲು ಕೊಡೋ ಹಸುವನ್ನು ರಾತ್ರಿಯೆಲ್ಲಾ ಕಾಯೋದು ಯಾರು? ಕೊಟ್ಟಿಗೆ ಹತ್ತಿರ ಚಿರತೆ ಸುಳಿದರೆ, ತೋಟದೊಳಗೆ ಹಂದಿ ನುಗ್ಗಿದರೆ, ಅಪರಿಚಿತರು ಬಂದರೆ ಮೊದಲು ಎಚ್ಚರಿಸೋದು ಯಾರು? ಒಂದು ತುತ್ತು ಮುದ್ದೆಗೆ ಇಷ್ಟೆಲ್ಲಾ ದುಡಿಯೋ ಪ್ರಾಣಿಯ ಬಗ್ಗೆ ಹತ್ತು ನಿಮಿಷ ಮಾತಾಡಿದರೆ ತಪ್ಪಿಲ್ಲ ಅಂತ ನಾವು ತಿಳಿದಿದ್ದೇವೆ.

ಇವತ್ತು ನಾವು ಹೇಳಹೊರಟಿರೋದು ನಾಯಿಗಳಲ್ಲಿ ಕಾಣೋ ಒಂದು ವಿಚಿತ್ರ ಸೀನಿನ ಬಗ್ಗೆ. ನೀವೂ ನೋಡಿರುತ್ತೀರಿ. ಚೆನ್ನಾಗಿ ಓಡಾಡಿಕೊಂಡಿದ್ದ ನಾಯಿ ಇದ್ದಕ್ಕಿದ್ದ ಹಾಗೆ ನಿಂತುಬಿಡುತ್ತದೆ. ಕತ್ತು ಮುಂದಕ್ಕೆ ಚಾಚುತ್ತದೆ. ಮುಂಗಾಲು ಅಗಲಿಸಿ, ಬಾಯಿ ಮುಚ್ಚಿಕೊಂಡು, ಕಣ್ಣು ಅಗಲ ಬಿಟ್ಟು, ಮೂಗಿನಿಂದ "ಗೊರ್ ಗೊರ್" ಅಂತ ಜೋರಾಗಿ ಉಸಿರು ಒಳಗೆಳೆಯೋಕೆ ಶುರು ಮಾಡುತ್ತದೆ. ಒಂದರ ಹಿಂದೆ ಒಂದು, ಬಿಡುವಿಲ್ಲದ ಹಾಗೆ. ನೋಡೋರಿಗೆ ಉಸಿರು ಕಟ್ಟಿ ಈಗಲೋ ಆಗಲೋ ಪ್ರಾಣ ಹೋಗುತ್ತೆ ಅನ್ನಿಸುತ್ತೆ. ಕೆಲವು ಸೆಕೆಂಡು, ಹೆಚ್ಚೆಂದರೆ ಒಂದೆರಡು ನಿಮಿಷ. ಆಮೇಲೆ ಒಂದು ಸಲ ಎಂಜಲು ನುಂಗಿ, ಮೈ ಒದರಿಕೊಂಡು, ಏನೂ ಆಗೇ ಇಲ್ಲವೇನೋ ಅನ್ನೋ ಹಾಗೆ ಬಾಲ ಆಡಿಸುತ್ತಾ ಹೊರಟುಹೋಗುತ್ತದೆ.

ಇದಕ್ಕೆ ಪಶುವೈದ್ಯರು ರಿವರ್ಸ್ ಸ್ನೀಜಿಂಗ್ ಅಂತ ಹೇಳುತ್ತಾರೆ. ನಾವು ನಮ್ಮ ಮಾತಿನಲ್ಲಿ ಒಳಸೀನು ಅಂತ ಕರೆಯೋಣ. ಯಾಕೆ ಒಳಸೀನು? ಮಾಮೂಲಿ ಸೀನಿನಲ್ಲಿ ಗಾಳಿ ರಭಸವಾಗಿ ಹೊರಗೆ ಬರುತ್ತೆ. ಮೂಗಿನ ಮುಂಭಾಗದಲ್ಲಿ ಧೂಳು ಸೇರಿದರೆ ಅದನ್ನು ಹೊರಕ್ಕೆ ತಳ್ಳೋ ಉಪಾಯ ಅದು. ಆದರೆ ಕಿರಿಕಿರಿ ಆಗೋದು ಮೂಗಿನ ಹಿಂಭಾಗದಲ್ಲಿ, ಮೆತ್ತಗಿನ ಅಂಗುಳದ ಮೇಲ್ಗಡೆ ಆದರೆ ಹೊರಗೆ ಸೀನಿ ಪ್ರಯೋಜನವಿಲ್ಲ. ಆಗ ನಾಯಿ ಗಾಳಿಯನ್ನು ಜೋರಾಗಿ ಒಳಗೆಳೆದು, ಅಲ್ಲಿ ಕೂತ ಸಿಂಬಳವನ್ನೋ ಧೂಳನ್ನೋ ಗಂಟಲಿಗೆ ತಂದು ನುಂಗಿಬಿಡುತ್ತದೆ. ನಾವು ಗಂಟಲು ಕ್ಯಾಕರಿಸೋದಿಲ್ಲವೇ, ಹೆಚ್ಚುಕಡಿಮೆ ಹಾಗೇ. ಅಂದರೆ ಇದು ರೋಗವಲ್ಲ, ದೇಹ ತನ್ನನ್ನು ತಾನೇ ಚೊಕ್ಕಟ ಮಾಡಿಕೊಳ್ಳೋ ಒಂದು ರೀತಿ.

ಇಲ್ಲಿ ಹಸು ಸಾಕೋರೇ ಹೆಚ್ಚಾಗಿ ಇರೋದರಿಂದ ಒಂದು ಮಾತು. ದನಗಳಿಗೆ ಬರೋ ಗೊರಕೆ ರೋಗ ಬೇರೆ, ಇದು ಬೇರೆ. ಅದು ಕೆರೆಕುಂಟೆ ನೀರಿನ ಬಸವನಹುಳುವಿನ ಮೂಲಕ ಬರೋ ಒಂದು ಪರಾವಲಂಬಿ ಹುಳುವಿನ ಕಾಯಿಲೆ. ಅದರಲ್ಲಿ ದನ ಸದಾ ಗೊರಗುಟ್ಟುತ್ತೆ, ಮೂಗಿನಲ್ಲಿ ಗಡ್ಡೆ ಬೆಳೆಯುತ್ತೆ. ನಾಯಿಯ ಒಳಸೀನು ಬಂದು ಹೋಗೋದು. ಎರಡಕ್ಕೂ ಶಬ್ದ ಒಂದೇ ಥರ ಇದ್ದರೂ ಸಂಬಂಧವಿಲ್ಲ.

ಒಳಸೀನು ಯಾವ ನಾಯಿಗೆ ಬೇಕಾದರೂ ಬರಬಹುದು. ಉದ್ದ ಮೂತಿಯ ಮುಧೋಳ ನಾಯಿಗೂ ಬರುತ್ತೆ, ನಮ್ಮ ಬೀದಿ ಕಂತ್ರಿಗೂ ಬರುತ್ತೆ. ಚಿಕ್ಕ ಜಾತಿಯ ನಾಯಿಗಳಲ್ಲಿ ಮತ್ತು ಪಗ್‌ನಂಥ ಚಪ್ಪಟೆ ಮೂತಿಯವುಗಳಲ್ಲಿ ಸ್ವಲ್ಪ ಹೆಚ್ಚು. ಕಾರಣಗಳನ್ನು ಹುಡುಕೋಕೆ ದೂರ ಹೋಗಬೇಕಿಲ್ಲ, ನಮ್ಮ ಮನೆ ಸುತ್ತಲೇ ಇವೆ. ಕಣದಲ್ಲಿ ರಾಗಿ ಒಕ್ಕೋವಾಗಿನ ಧೂಳು, ಒಣಹುಲ್ಲಿನ ದೂಳು, ಸೌದೆ ಒಲೆ ಹೊಗೆ, ಮೆಣಸಿನಕಾಯಿ ಒಗ್ಗರಣೆಯ ಘಾಟು, ಊದುಬತ್ತಿ, ಸೊಳ್ಳೆಬತ್ತಿ, ಮೈಗೆ ಹೊಡೆದುಕೊಳ್ಳೋ ಸೆಂಟು, ಹೂವಿನ ಪರಾಗ. ಗಬಗಬ ತಿಂದರೆ, ನೀರು ಕುಡಿದರೆ ಬರುತ್ತೆ. ಯಜಮಾನ ಊರಿಂದ ಬಂದ ಅಂತ ಖುಷಿಯಲ್ಲಿ ಕುಣಿದರೂ ಬರುತ್ತೆ. ಕತ್ತಿಗೆ ಹಗ್ಗ ಬಿಗಿದು ಜಗ್ಗಿದರಂತೂ ಬರೋದು ಸಹಜ.

ಈ ವಿಷಯವನ್ನೇ ನಾವು ಯಾಕೆ ಆರಿಸಿಕೊಂಡೆವು ಅಂತ ಕೇಳಬಹುದು. ಹೋದ ಒಕ್ಕಣೆ ಕಾಲದಲ್ಲಿ ನಮ್ಮೂರಿನ ಕಣದಲ್ಲೇ ನಡೆದದ್ದು ಕೆಲವರಿಗೆ ನೆನಪಿರಬಹುದು. ಧೂಳಿನಲ್ಲಿ ಮಲಗಿದ್ದ ನಾಯಿಯೊಂದು ಎದ್ದು ಹೀಗೇ ಗೊರಗುಟ್ಟಿತು. ಯಾರೋ "ಹುಚ್ಚು ಹಿಡಿದಿದೆ, ಹೊಡೀರೋ" ಅಂದರು. ಹುಡುಗರು ದೊಣ್ಣೆ ಎತ್ತಿಕೊಂಡರು. ಒಬ್ಬ ಅಜ್ಜಿ ಅಡ್ಡ ನಿಂತು, "ತಡೀರಪ್ಪಾ, ಒಂದು ಗಳಿಗೆ ನೋಡೋಣ" ಅಂದದ್ದಕ್ಕೆ ಅದರ ಜೀವ ಉಳಿಯಿತು. ಒಂದು ನಿಮಿಷದೊಳಗೆ ಅದು ಸರಿಹೋಗಿ ಅಜ್ಜಿಯ ಕಾಲ ಬುಡದಲ್ಲೇ ಮಲಗಿತು. ಇವತ್ತಿಗೂ ಆರೋಗ್ಯವಾಗಿದೆ.

ಇದಕ್ಕೆ ಉಲ್ಟಾ ಸಂಗತಿ ಪಕ್ಕದ ಊರಿನಲ್ಲಿ ನಡೆಯಿತು. ಅಲ್ಲಿ ಒಂದು ನಾಯಿ ದವಡೆ ಇಳಿಬಿಟ್ಟುಕೊಂಡು, ಜೊಲ್ಲು ಸುರಿಸುತ್ತಾ, ನೀರು ನುಂಗೋಕೂ ಆಗದೆ ಕೂತಿತ್ತು. ಮನೆಯವರು "ಗಂಟಲಲ್ಲಿ ಮೂಳೆ ಸಿಕ್ಕಿದೆ" ಅಂತ ಬಾಯೊಳಗೆ ಕೈ ಹಾಕಿ ತಡಕಾಡಿದರು. ಮೂಳೆ ಸಿಗಲಿಲ್ಲ. ನಾಲ್ಕನೇ ದಿನ ನಾಯಿ ಸತ್ತಿತು. ಪುಣ್ಯಕ್ಕೆ ಪಶುವೈದ್ಯರು ವಿಷಯ ತಿಳಿದ ಕೂಡಲೇ ಅವರನ್ನು ಆಸ್ಪತ್ರೆಗೆ ಅಟ್ಟಿ ಇಂಜೆಕ್ಷನ್ ಕೊಡಿಸಿದರು. ಅವರು ಬದುಕಿದ್ದಾರೆ. ಬಂಧುಗಳೇ, ಒಂದು ಕಡೆ ಏನೂ ಇಲ್ಲದ ನಾಯಿಗೆ ದೊಣ್ಣೆ, ಇನ್ನೊಂದು ಕಡೆ ಅಪಾಯದ ನಾಯಿ ಬಾಯಿಗೆ ಕೈ. ಎರಡೂ ಆಗಬಾರದು. ಅದಕ್ಕೇ ವ್ಯತ್ಯಾಸ ಗೊತ್ತಿರಬೇಕು.

ಮೊದಲು, ಒಳಸೀನು ಬಂದಾಗ ಏನು ಮಾಡಬೇಕು ಅಂತ ನೋಡೋಣ.

ಒಂದನೆಯದು, ನಾವು ಗಾಬರಿ ಬೀಳಬಾರದು. ನಾವು ಕೂಗಾಡಿದರೆ ನಾಯಿಗೂ ಗಾಬರಿಯಾಗಿ ಸೀನು ಹೆಚ್ಚಾಗುತ್ತೆ. ಮೆತ್ತಗೆ ಹೆಸರು ಹಿಡಿದು ಮಾತಾಡಿಸಿ.

ಎರಡನೆಯದು, ಕತ್ತಿನ ಪಟ್ಟಿ, ಹಗ್ಗ, ಸರಪಳಿ ಇದ್ದರೆ ಸಡಿಲ ಮಾಡಿ. ಹೊಗೆ, ಧೂಳು ಇರೋ ಜಾಗದಿಂದ ಒಳ್ಳೇ ಗಾಳಿಗೆ ಕರೆತನ್ನಿ.

ಮೂರನೆಯದು, ಪಳಗಿದ ಮನೆ ನಾಯಿಯಾದರೆ ಗಂಟಲನ್ನು ಮೇಲಿಂದ ಕೆಳಕ್ಕೆ ಹಗುರವಾಗಿ ನೀವಿ. ಅದು ಎಂಜಲು ನುಂಗಿತು ಅಂದರೆ ಬಹಳ ಸಲ ಸೀನು ಅಲ್ಲಿಗೇ ನಿಲ್ಲುತ್ತೆ. ಮೂಗಿನ ಹೊಳ್ಳೆಯನ್ನು ಒಂದೆರಡು ಸೆಕೆಂಡು ಬೆರಳಿನಿಂದ ಮುಚ್ಚಿ ಬಿಟ್ಟರೂ ನುಂಗುತ್ತೆ ಅಂತ ವೈದ್ಯರು ಹೇಳುತ್ತಾರೆ. ಆದರೆ ಇದು ಕಡ್ಡಾಯವೇನಲ್ಲ. ಕಚ್ಚೋ ಸ್ವಭಾವದ ನಾಯಿಗೆ, ಬೀದಿ ನಾಯಿಗೆ ಇದನ್ನು ಮಾಡಲೇಬಾರದು. ಏನೂ ಮಾಡದೆ ಸುಮ್ಮನೆ ಕಾದರೂ ತಾನಾಗಿ ನಿಲ್ಲುತ್ತೆ.

ನಾಲ್ಕನೆಯದು, ಬಾಯಿಗೆ ನೀರು ಹುಯ್ಯಬೇಡಿ, ಮೂಗಿಗೆ ಎಣ್ಣೆ ಬಿಡಬೇಡಿ, ಬೆನ್ನಿಗೆ ಗುದ್ದಬೇಡಿ. ನೀರು ಶ್ವಾಸಕೋಶಕ್ಕೆ ಹೋದರೆ ಇಲ್ಲದ ಕಾಯಿಲೆ ನಾವೇ ತಂದಂತಾಗುತ್ತೆ. ಸೀನು ನಿಂತ ಮೇಲೆ ಬಟ್ಟಲಲ್ಲಿ ನೀರಿಟ್ಟರೆ ತಾನೇ ಕುಡಿಯುತ್ತೆ.

ಐದನೆಯದು, ಈಗ ಎಲ್ಲರ ಜೇಬಿನಲ್ಲೂ ಮೊಬೈಲ್ ಇದೆ. ಸೀನು ಬಂದಾಗ ವಿಡಿಯೋ ಮಾಡಿಕೊಳ್ಳಿ. ಯಾಕೆ ಅಂದರೆ ಆಸ್ಪತ್ರೆಗೆ ಹೋಗೋ ಹೊತ್ತಿಗೆ ನಾಯಿ ಸರಿಹೋಗಿರುತ್ತೆ. ಬಾಯಲ್ಲಿ ಎಷ್ಟು ವರ್ಣಿಸಿದರೂ ವೈದ್ಯರಿಗೆ ಅರ್ಥವಾಗೋದು ಕಷ್ಟ. ವಿಡಿಯೋ ನೋಡಿದರೆ ಒಂದೇ ಗಳಿಗೆಯಲ್ಲಿ ಹೇಳುತ್ತಾರೆ. ಎಷ್ಟು ಹೊತ್ತು ಬಂತು, ಏನು ಮಾಡುವಾಗ ಬಂತು, ದಿನಕ್ಕೆ ಎಷ್ಟು ಸಲ ಅನ್ನೋದನ್ನ ಕ್ಯಾಲೆಂಡರ್ ಮೇಲೆ ಗುರುತು ಹಾಕಿ. ಹಸು ಬೆದೆಗೆ ಬಂದ ದಿನ ಗುರುತು ಹಾಕೋದಿಲ್ಲವೇ, ಹಾಗೆ.

ಅಪರೂಪಕ್ಕೊಮ್ಮೆ ಬಂದು ಹೋಗೋ ಒಳಸೀನಿಗೆ ಔಷಧಿಯೇ ಬೇಡ. ಹಾಗಾದರೆ ವೈದ್ಯರ ಹತ್ತಿರ ಯಾವಾಗ ಹೋಗಬೇಕು? ದಿನಾ ಹಲವು ಸಲ ಬರತೊಡಗಿದರೆ. ಮುಂಚೆ ಇಲ್ಲದ್ದು ವಯಸ್ಸಾದ ಮೇಲೆ ಹೊಸದಾಗಿ ಶುರುವಾಗಿ ಹೆಚ್ಚುತ್ತಾ ಹೋದರೆ. ಮೂಗಿನಲ್ಲಿ ಕೀವು, ಅದರಲ್ಲೂ ಒಂದೇ ಹೊಳ್ಳೆಯಲ್ಲಿ ಬಂದರೆ. ರಕ್ತ ಬಂದರೆ. ಕೆಮ್ಮು ಜೊತೆಗಿದ್ದರೆ, ಊಟ ಬಿಟ್ಟರೆ, ಮೂತಿ ಊದಿದರೆ. ಇವುಗಳ ಹಿಂದೆ ಬೇರೆ ಕಾರಣ ಇರಬಹುದು. ಹುಲ್ಲಿನ ಊಬು ಮೂಗಿನೊಳಗೆ ಸೇರಿ ಕೂತಿರಬಹುದು. ಮಲೆನಾಡಿನ ಕಡೆ ಹಳ್ಳದ ನೀರು ಕುಡಿಯುವಾಗ ಜಿಗಣೆ ಮೂಗು ಹೊಕ್ಕಿರೋದೂ ಉಂಟು. ಮೂಗಿನೊಳಗೆ ವಾಸ ಮಾಡೋ ನುಸಿ ಅಂತ ಒಂದಿದೆ, ಒಂದು ಒಂದೂವರೆ ಮಿಲಿಮೀಟರ್ ಉದ್ದದ್ದು. ನಾಯಿ ನಾಯಿ ಮೂತಿಗೆ ಮೂತಿ ತಾಗಿಸಿದಾಗ ಹರಡುತ್ತೆ. ಹಲ್ಲಿನ ಬೇರು ಕೊಳೆತರೆ, ಮೂಗಿನಲ್ಲಿ ಗಡ್ಡೆ ಬೆಳೆದರೆ ಕೂಡ ಮೂಗು ಸೋರುತ್ತೆ. ಉಣ್ಣೆ ಕಚ್ಚಿ ಬರೋ ಜ್ವರದಲ್ಲೂ ನಾಯಿಗೆ ಮೂಗಿನಿಂದ ರಕ್ತ ಬರುತ್ತೆ. ಇದೆಲ್ಲ ವೈದ್ಯರು ನೋಡಿ ತೀರ್ಮಾನಿಸಬೇಕಾದ್ದು.

ಇಲ್ಲಿ ನಮ್ಮ ಸದಸ್ಯರಲ್ಲಿ ಕೈಮುಗಿದು ಒಂದು ವಿನಂತಿ. ಹಸುವಿಗೆ ತಂದು ಉಳಿದ ಹುಳುವಿನ ಔಷಧಿ, ಉಣ್ಣೆ ಇಂಜೆಕ್ಷನ್ನು ಮನೆಯಲ್ಲಿ ಇದೆ ಅಂತ ಅಂದಾಜಿನ ಮೇಲೆ ನಾಯಿಗೆ ಹಾಕಬೇಡಿ. ನಾನೂರು ಕಿಲೋ ತೂಗೋ ಹಸುವಿನ ಔಷಧಿ ಹದಿನೈದು ಕಿಲೋ ನಾಯಿಗೆ ಅಳತೆ ತಪ್ಪಿದರೆ ವಿಷವೇ. ಕೆಲವು ಜಾತಿ ನಾಯಿಗಳಿಗೆ ಐವರ್‌ಮೆಕ್ಟಿನ್ ಸ್ವಲ್ಪ ಹೆಚ್ಚಾದರೂ ತಡೆಯೋದಿಲ್ಲ. ಹಾಗೇ ನಾವು ತಿನ್ನೋ ಮೈಕೈ ನೋವಿನ ಮಾತ್ರೆಗಳೂ ನಾಯಿಗೆ ಅಪಾಯ.

ಇನ್ನು ಗಂಟಲಿಗೆ ನಿಜವಾಗಿ ಏನಾದರೂ ಸಿಕ್ಕಿಕೊಂಡಾಗ ಹೇಗಿರುತ್ತೆ? ಒಳಸೀನಿನಲ್ಲಿ ಬಾಯಿ ಸಾಮಾನ್ಯವಾಗಿ ಮುಚ್ಚಿರುತ್ತೆ, ಶಬ್ದ ಮೂಗಿನದು, ನಾಲಿಗೆ ವಸಡು ಕೆಂಪಗೇ ಇರುತ್ತವೆ. ಗಂಟಲು ಕಟ್ಟಿದಾಗ ಬಾಯಿ ತೆರೆದಿರುತ್ತೆ, ಮುಂಗಾಲಿನಿಂದ ಬಾಯಿ ಕೆರೆದುಕೊಳ್ಳುತ್ತೆ, ನಾಲಿಗೆ ನೀಲಿಗಟ್ಟುತ್ತೆ, ಕುಸಿದು ಬೀಳುತ್ತೆ. ಇದು ತುರ್ತು, ತಡ ಮಾಡದೆ ಪಶು ಆಸ್ಪತ್ರೆಗೆ ಒಯ್ಯಬೇಕು. ಬೇಯಿಸಿದ ಕೋಳಿ ಮೂಳೆ ಚೂಪಾಗಿ ಸೀಳುತ್ತೆ, ಅದನ್ನು ಹಾಕದೇ ಇರೋದೇ ಕ್ಷೇಮ.

ಕೊನೆಯದಾಗಿ ಹುಚ್ಚು ರೋಗ, ಅಂದರೆ ರೇಬೀಸ್. ಎಲ್ಲಾ ಹುಚ್ಚು ನಾಯಿಯೂ ಅಟ್ಟಿಸಿಕೊಂಡು ಬರೋದಿಲ್ಲ. ಕೆಲವು ಮೂಲೆ ಹಿಡಿದು ಮಂಕಾಗಿ ಕೂರುತ್ತವೆ. ಬೊಗಳೋ ದನಿ ಬದಲಾಗುತ್ತೆ, ದವಡೆ ಇಳಿಬೀಳುತ್ತೆ, ಜೊಲ್ಲು ಸುರಿಯುತ್ತೆ, ನುಂಗೋಕಾಗೋದಿಲ್ಲ, ಹಿಂಗಾಲು ತೂರಾಡುತ್ತೆ. ಒಳಸೀನಿನ ಹಾಗೆ ಎರಡು ನಿಮಿಷಕ್ಕೆ ಸರಿಹೋಗೋದಿಲ್ಲ, ದಿನದಿಂದ ದಿನಕ್ಕೆ ಜಾಸ್ತಿಯಾಗಿ ಸಾಮಾನ್ಯವಾಗಿ ಹತ್ತು ದಿನದೊಳಗೆ ಸಾಯುತ್ತೆ. ಹಸು ಎಮ್ಮೆಗೂ ಈ ರೋಗ ಬರುತ್ತೆ. ಆಗಲೂ ಗಂಟಲಲ್ಲಿ ಏನೋ ಸಿಕ್ಕಿದ ಹಾಗೇ ಕಾಣುತ್ತೆ. ಆದ್ದರಿಂದ ಜೊಲ್ಲು ಸುರಿಸೋ, ನುಂಗಲಾರದ ಯಾವ ಪ್ರಾಣಿಯ ಬಾಯಿಗೂ ಬರಿಗೈ ಹಾಕಬೇಡಿ. ಕಟ್ಟಿಹಾಕಿ, ಮಕ್ಕಳನ್ನು ದೂರವಿಟ್ಟು, ಪಶುವೈದ್ಯರಿಗೆ ಹೇಳಿಕಳಿಸಿ.

ನಾಯಿ ಕಚ್ಚಿದರೆ, ಪರಚಿದರೆ, ಗಾಯದ ಮೇಲೆ ಜೊಲ್ಲು ಬಿದ್ದರೆ ಸುಣ್ಣ, ಅರಿಸಿನ, ಕಾರದಪುಡಿ ಮೆತ್ತಬೇಡಿ. ಹರಿಯೋ ನೀರು ಮತ್ತು ಸೋಪಿನಿಂದ ಪೂರ್ತಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ. ಚರ್ಮದೊಳಗೆ ಕೊಡೋ ಕ್ರಮದಲ್ಲಿ ಮೊದಲ ದಿನ, ಅಲ್ಲಿಂದ 3, 7 ಮತ್ತು 28ನೇ ದಿನ, ಒಟ್ಟು ನಾಲ್ಕು ಸಲ ಲಸಿಕೆ. ರಕ್ತ ಬಂದ ಗಾಯವಾದರೆ ಗಾಯದ ಸುತ್ತ ಇನ್ನೊಂದು ಔಷಧಿಯನ್ನೂ ಕೊಡುತ್ತಾರೆ. ಒಂದೂ ತಪ್ಪಿಸಬಾರದು. 1885ರಲ್ಲಿ ಲೂಯಿ ಪಾಶ್ಚರ್ ಅವರು ಒಬ್ಬ ಬಾಲಕನಿಗೆ ಮೊದಲ ಸಲ ಈ ರೋಗದ ಲಸಿಕೆ ಕೊಟ್ಟು ಉಳಿಸಿದರು. ಅಷ್ಟು ಹಳೆಯ ವಿದ್ಯೆ ಇದ್ದೂ ನಾವು ಸಾಯೋದು ಸರಿಯೇ? ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಯೋದು ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ಅದಕ್ಕೆ ಮುಂಚೆ ಲಸಿಕೆ ತೆಗೆದುಕೊಂಡರೆ ಬದುಕು ನಮ್ಮ ಕೈಯಲ್ಲೇ ಇದೆ.

ನಾಯಿಗೂ ಅಷ್ಟೇ. ಮರಿಗೆ ಮೂರು ತಿಂಗಳಾದಾಗ ಮೊದಲ ಲಸಿಕೆ, ಆಮೇಲೆ ವೈದ್ಯರು ಹೇಳಿದಂತೆ ವರ್ಷ ವರ್ಷ. ಲಸಿಕೆ ಆದ ನಾಯಿ ಗೊರಗುಟ್ಟಿದರೆ ನಾವು ಧೈರ್ಯವಾಗಿ ಪಕ್ಕದಲ್ಲಿ ಕೂತು ಗಂಟಲು ನೀವಬಹುದು. ಲಸಿಕೆ ಇಲ್ಲದಿದ್ದರೆ ಪ್ರತಿ ಸೀನಿಗೂ ಅನುಮಾನ, ಭಯ. ಕೇಂದ್ರ ಸರ್ಕಾರ 2021ರಲ್ಲಿ, ನಾಯಿಯಿಂದ ಮನುಷ್ಯರಿಗೆ ಬರೋ ರೇಬೀಸನ್ನು 2030ರೊಳಗೆ ತೊಲಗಿಸಬೇಕು ಅಂತ ಕಾರ್ಯಯೋಜನೆ ಹಾಕಿದೆ. ದಿಲ್ಲಿಯಲ್ಲಿ ಹಾಕಿದ ಯೋಜನೆ ನಡೆಯಬೇಕಾದ್ದು ನಮ್ಮಂಥ ಊರಿನ ಕೊಟ್ಟಿಗೆ ಬಾಗಿಲಲ್ಲಿ.

ಆದ್ದರಿಂದ ಈ ಬೆಳ್ಳಿ ಹಬ್ಬದ ನೆನಪಿಗೆ ನಮ್ಮದೊಂದು ಸಲಹೆ. ಪ್ರತಿ ವರ್ಷ ಸೆಪ್ಟೆಂಬರ್ 28, ವಿಶ್ವ ರೇಬೀಸ್ ದಿನ. ಅವತ್ತು ಬೆಳಿಗ್ಗೆ ಹಾಲು ಹಾಕೋಕೆ ಬರುವಾಗ ಒಂದು ಕೈಯಲ್ಲಿ ಕ್ಯಾನು, ಇನ್ನೊಂದು ಕೈಯಲ್ಲಿ ನಾಯಿ ಹಿಡಿದುಕೊಂಡು ಬನ್ನಿ. ಪಶು ಆಸ್ಪತ್ರೆಯವರನ್ನು ಸಂಘದ ಅಂಗಳಕ್ಕೆ ಕರೆಸಿ ಊರಿನ ಎಲ್ಲಾ ನಾಯಿಗಳಿಗೂ ಲಸಿಕೆ ಹಾಕಿಸೋಣ. ಸದಸ್ಯರ ನಾಯಿ, ಸದಸ್ಯರಲ್ಲದವರ ನಾಯಿ ಅಂತ ಭೇದ ಬೇಡ. ರೋಗಕ್ಕೆ ಷೇರು ಪುಸ್ತಕ ಗೊತ್ತಿಲ್ಲ. ಮುಂದಿನ ಆಡಳಿತ ಮಂಡಳಿ ಸಭೆಯಲ್ಲಿ ಇದನ್ನು ಠರಾವು ಮಾಡಬೇಕೆಂದು ಅಧ್ಯಕ್ಷರನ್ನು ಈ ವೇದಿಕೆಯಿಂದಲೇ ಕೇಳಿಕೊಳ್ಳುತ್ತೇವೆ.